ಪುಕ್ಕಟೆ ಕೋಹಾ, ಪುಸ್ತಕಕ್ಕೆ ಆರು ರೂಪಾಯಿ: ನನ್ನ ಅನುಭವ

2014ರಲ್ಲಿ ಶಿವಮೊಗ್ಗದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು, ಕಾಲೇಜು ಲೈಬ್ರರಿಗಳಿಗೆ ಕೋಹಾ (ಲೈಬ್ರರಿ ಕೆಲಸ ನಡೆಸುವ ಪುಕ್ಕಟೆ ಸಾಫ್ಟ್‌ವೇರ್) ಹಾಕಿಕೊಡುವ ಕೆಲಸ ಶುರು ಮಾಡಿದೆ. ಆಗ ನಮ್ಮ ಮಾವ ಕೇಳಿದ್ದು ಒಂದೇ ಮಾತು: "ಪುಕ್ಕಟೆ ಸಿಗೋ ಸಾಫ್ಟ್‌ವೇರ್‌ಗೆ ನಿನಗ್ಯಾರು ದುಡ್ಡು ಕೊಡ್ತಾರೋ ಮಾರಾಯ?" ಗೆಳೆಯರೂ ಅದನ್ನೇ ಹೇಳಿದರು. ಸುಮ್ನೆ ಬೆಂಗಳೂರಿಗೆ ಹೋಗಿ ಕೆಲಸಕ್ಕೆ ಸೇರು ಅಂದರು. ಇವತ್ತು 41 ಕಾಲೇಜುಗಳು ನಮಗೆ ವರ್ಷ ವರ್ಷ ಎಎಂಸಿ (ವಾರ್ಷಿಕ ನಿರ್ವಹಣೆಯ ಶುಲ್ಕ) ಕಟ್ಟುತ್ತಿವೆ. ಐದು ಜನರಿಗೆ ಒಂದನೇ ತಾರೀಕಿಗೆ ಸಂಬಳ ಆಗುತ್ತದೆ, ತಲೆ ಮೇಲೆ ಸಾಲ ಇಲ್ಲ. ಇದರಲ್ಲಿ ಲೈಸೆನ್ಸ್ ಮಾರಿ ಬಂದ ದುಡ್ಡು ಒಂದು ರೂಪಾಯಿಯೂ ಇಲ್ಲ. ಇದನ್ನು ಸಾಧಿಸಿದ್ದೇನೆ ಅನ್ನೋ ಖುಷಿ ನನಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಎರಡು ವರ್ಷ ಪೂರ್ತಿ ನಷ್ಟ. ಆಗ ನನ್ನ ತಲೆಯಲ್ಲಿ ಇದ್ದದ್ದು ರೆಡ್ ಹ್ಯಾಟ್ ಮಾದರಿ: ಸಾಫ್ಟ್‌ವೇರ್ ಫ್ರೀ ಕೊಡು, ಸಪೋರ್ಟಿಗೆ ಚಂದಾ ತಗೋ. (ಆ ಕಂಪನಿಯನ್ನು ಐಬಿಎಂ 2019ರಲ್ಲಿ 34 ಬಿಲಿಯನ್ ಡಾಲರ್‌ಗೆ ಕೊಂಡಿತಲ್ಲ, ಅದಾದ ಮೇಲಂತೂ ಎಲ್ಲರ ಬಾಯಲ್ಲೂ ಅದೇ ಉದಾಹರಣೆ.) ಆರು ಕಾಲೇಜುಗಳಿಗೆ ಪುಕ್ಕಟೆ ಇನ್‌ಸ್ಟಾಲ್ ಮಾಡಿಕೊಟ್ಟೆ, ಮುಂದಿನ ವರ್ಷ ಎಎಂಸಿ ಕೇಳಿದರಾಯಿತು ಅಂದುಕೊಂಡು. ಒಂದು ಕಾಲೇಜೂ ಕಟ್ಟಲಿಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಫೋನ್ ಮಾತ್ರ ಆರೂ ಕಡೆಯಿಂದ ಬರುತ್ತಿತ್ತು. ಓಡಾಟದ ಬಸ್ ಚಾರ್ಜು, ಊಟ, ಬಾಡಿಗೆ ಎಲ್ಲ ಸೇರಿ ಕೈಯಿಂದ ಮೂರು ಲಕ್ಷದ ಹತ್ತಿರ ಹೋಯಿತು. ಕೊಳ್ಳುವವರ ಹತ್ತಿರ ನೂರಾರು ಸರ್ವರ್ ಇದ್ದು, ಒಂದು ಗಂಟೆ ನಿಂತರೆ ಲಕ್ಷಗಟ್ಟಲೆ ಹೋಗುತ್ತದೆ ಅಂದಾಗ ಸಪೋರ್ಟ್ ಚಂದಾ ನಡೆಯುತ್ತದೆ. ಕಾಲೇಜು ಲೈಬ್ರರಿ ಒಂದು ದಿನ ನಿಂತರೆ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತಾರೆ, ಅಷ್ಟೇ.

ಆಮೇಲೆ ಕೋಡ್ ಮಾರಲು ಹೋದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಕೇಳುತ್ತಿದ್ದ ಲೈಬ್ರರಿ ವರದಿಗಳನ್ನೆಲ್ಲ ಒಂದು ಪ್ಲಗಿನ್ (ಕೋಹಾಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಮಾಡಿ 20,000 ರೂಪಾಯಿ ಇಟ್ಟೆ. ಕೋಹಾ ಇರುವುದು ಜಿಪಿಎಲ್ ಲೈಸೆನ್ಸ್‌ನಲ್ಲಿ (ಸಾಫ್ಟ್‌ವೇರ್ ಕೊಡುವಾಗ ಸೋರ್ಸ್ ಕೋಡ್ ಕೂಡ ಕೊಡಬೇಕು, ಪಡೆದವರು ಬೇರೆಯವರಿಗೂ ಹಂಚಬಹುದು), ಹಾಗಾಗಿ ಸೋರ್ಸ್ ಜೊತೆಗೇ ಕೊಟ್ಟೆ. ಒಂದು ಕಾಲೇಜು ಕೊಂಡಿತು, ಅದೇ ಆಡಳಿತ ಮಂಡಳಿಯ ಇನ್ನೂ ಮೂರು ಕಾಲೇಜಿಗೆ ಹಾಕಿಕೊಂಡರು. ಅದರಲ್ಲಿ ತಪ್ಪೇನೂ ಇಲ್ಲ, ಲೈಸೆನ್ಸೇ ಹಾಗೆ ಹೇಳುತ್ತದೆ. ನಾಲ್ಕು ತಿಂಗಳ ಕೆಲಸಕ್ಕೆ ಬಂದದ್ದು 20,000. ಈಗ ಅವೇ ವರದಿಗಳನ್ನು ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತೇನೆ. ಹೊಸ ಕಾಲೇಜುಗಳಲ್ಲಿ ಅರ್ಧಕ್ಕರ್ಧ ಆ ವರದಿ ನೋಡಿಯೇ ಫೋನ್ ಮಾಡಿದವು. ದೇಣಿಗೆ ಬಟನ್ ಕೂಡ ಇಟ್ಟು ನೋಡಿದೆ, ಹದಿನಾಲ್ಕು ತಿಂಗಳಲ್ಲಿ ಸಾವಿರದ ಚಿಲ್ಲರೆ ಬಂತು.

ದಾರಿ ತೋರಿಸಿದ್ದು ಒಂದು ಅನುದಾನಿತ ಕಾಲೇಜಿನ ಆಫೀಸ್ ಸೂಪರಿಂಟೆಂಡೆಂಟ್. ಪ್ರಿನ್ಸಿಪಾಲರು ನನ್ನ ಕೊಟೇಷನ್ ನೋಡಿ, "ಫ್ರೀ ಸಾಫ್ಟ್‌ವೇರ್ ಅಂತೀರಿ, ಮತ್ತೆ 85,000 ಯಾತಕ್ಕೆ? ಆಡಿಟ್‌ನವರಿಗೆ ನಾನೇನು ಹೇಳಲಿ?" ಅಂತ ವಾಪಸ್ ಕೊಟ್ಟಿದ್ದರು. ಸೂಪರಿಂಟೆಂಡೆಂಟ್ ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಲೈಬ್ರರಿಯ ಅಕ್ಸೆಷನ್ ರಿಜಿಸ್ಟರ್ (ಬಂದ ಪುಸ್ತಕಗಳನ್ನೆಲ್ಲ ನಂಬರ್ ಹಾಕಿ ಬರೆದಿಡುವುದು) ತೆಗೆದು ಕೊನೇ ನಂಬರ್ ಮೇಲೆ ಬೆರಳಿಟ್ಟರು. "ಒಂದು ಪುಸ್ತಕಕ್ಕೆ ಎಷ್ಟು ಅಂತ ಹೇಳಿ ಸಾರ್. ಗುಣಿಸಿ ಮಂಜೂರು ಮಾಡಿಸೋದು ನನಗೆ ಬಿಡಿ" ಅಂದರು.

ಅಷ್ಟೇ ನೋಡಿ. ಆ ವಾರವೇ ಕೊಟೇಷನ್ ಪೂರ್ತಿ ಬದಲಾಯಿಸಿದೆ. ಸಾಫ್ಟ್‌ವೇರ್: ಸೊನ್ನೆ, ಅದನ್ನು ಮೊದಲನೇ ಸಾಲಿನಲ್ಲೇ ಕಾಣುವ ಹಾಗೆ ಬರೆಯುತ್ತೇನೆ. ಹಳೇ ಡೇಟಾ ತಿದ್ದಿ ಹಾಕುವುದಕ್ಕೆ ಪುಸ್ತಕಕ್ಕೆ 6 ರೂಪಾಯಿ. ಪುಸ್ತಕ ಕೈಯಲ್ಲಿ ಹಿಡಿದು ಎಂಟ್ರಿ ಮಾಡಿದರೆ 9 ರೂಪಾಯಿ. ಬಾರ್‌ಕೋಡ್ ಅಂಟಿಸುವುದಕ್ಕೆ ಬೇರೆ. 38,000 ಪುಸ್ತಕ ಇರುವ ಕಾಲೇಜು ಅಂದರೆ ಡೇಟಾ ಕೆಲಸವೇ ಎರಡೂಕಾಲು ಲಕ್ಷ ದಾಟುತ್ತದೆ. 85,000ಕ್ಕೆ ಹುಬ್ಬು ಗಂಟಿಕ್ಕಿದ ಪ್ರಿನ್ಸಿಪಾಲರೇ ಅದಕ್ಕಿಂತ ದೊಡ್ಡ ಬಿಲ್ಲಿಗೆ ಸಹಿ ಹಾಕಿದರು. ಯಾಕೆಂದರೆ ಲೆಕ್ಕ ಕಣ್ಣಿಗೆ ಕಾಣುತ್ತದೆ, ಯಾರು ಬೇಕಾದರೂ ಕಪಾಟಿನ ಹತ್ತಿರ ಹೋಗಿ ಎಣಿಸಬಹುದು.

ಈ ಡೇಟಾ ಕೆಲಸದಲ್ಲೇ ನಮ್ಮ ಗಟ್ಟಿತನ ಇರೋದು. ಕಾಲೇಜುಗಳ ಹಳೇ ಡೇಟಾದಲ್ಲಿ ಕನ್ನಡ ಎಲ್ಲ 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಕೂತಿರುತ್ತದೆ, ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಲ್ಲ. ಸುಮ್ನೆ ಒಂದು ಕನ್ವರ್ಟರ್‌ಗೆ ಹಾಕಿದರೆ ಕರ್ನಾಟಕ ಅನ್ನೋದು "ಕನರ್ಾಟಕ" ಆಗಿ ಹೊರಗೆ ಬರುತ್ತದೆ, ನೀವೂ ನೋಡಿರುತ್ತೀರಿ. ಹಳೇ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಅದು ಹಿಂದೆ ಮುಂದೆ ಆದರೆ ಓಪ್ಯಾಕ್‌ನಲ್ಲಿ (ಓದುಗರು ಪುಸ್ತಕ ಹುಡುಕುವ ಪುಟ) ಕರ್ನಾಟಕ ಅಂತ ಹುಡುಕಿದ ಹುಡುಗನಿಗೆ ಏನೂ ಸಿಗೋದಿಲ್ಲ, ಪುಸ್ತಕ ಮಾತ್ರ ಕಪಾಟಿನಲ್ಲೇ ಇರುತ್ತದೆ. ಮೊದಲನೇ ಸಲ 11,000 ರೆಕಾರ್ಡ್ ಹೀಗೇ ಕೆಡಿಸಿ, ಇಬ್ಬರು ಕೂತು ಒಂದೂವರೆ ತಿಂಗಳು ಕೈಯಲ್ಲೇ ತಿದ್ದಿದೆವು. ಆಮೇಲೆ ಬರೆದ ಸ್ಕ್ರಿಪ್ಟ್ ಈಗ ನೂರಕ್ಕೆ 97-98 ಸರಿ ಮಾಡುತ್ತದೆ. ಅದು ನಮ್ಮ ಮಷೀನ್ ಮೇಲೆ ಮಾತ್ರ ಓಡುತ್ತದೆ. ಯಾವ ಕ್ರಮದಲ್ಲಿ ಬದಲಿಸುತ್ತೇವೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ, ನಮ್ಮ ಅನ್ನ ಅದು. ಇನ್ನೊಂದು ಮಾತನ್ನು ಪುಕ್ಕಟೆ ಹೇಳುತ್ತೇನೆ: ಕನ್ನಡ ಪುಸ್ತಕ ಜಾಸ್ತಿ ಇರುವ ಕಡೆ ಜೀಬ್ರಾವನ್ನು (ಕೋಹಾದಲ್ಲಿ ಹುಡುಕಾಟ ನಡೆಸುವ ಭಾಗ) ಐಸಿಯುಗೆ (ಯೂನಿಕೋಡ್ ಅಕ್ಷರಗಳನ್ನು ಸರಿಯಾಗಿ ಗುರುತಿಸುವ ವ್ಯವಸ್ಥೆ) ಬದಲಾಯಿಸಿ ಪೂರ್ತಿ ರೀಇಂಡೆಕ್ಸ್ ಮಾಡಿ, ಡೇಟಾ ಹಾಕೋ ಮೊದಲೇ.

ಎಎಂಸಿ ಹೇಗೆ ಬಂತು ಅಂದರೆ ಒಂದು ಸಿಡಿಲಿನಿಂದ. ಮಲೆನಾಡಿನ ಒಂದು ಕಾಲೇಜು, ಮೇ ತಿಂಗಳ ಮಳೆ. ಯುಪಿಎಸ್ ಕೆಟ್ಟು ಕೂತಿತ್ತು, ಸರ್ವರ್ ಸುಟ್ಟಿತು, ಹಾರ್ಡ್ ಡಿಸ್ಕ್ ಹೋಯಿತು. ಬ್ಯಾಕಪ್ ಇದ್ದದ್ದೂ ಅದೇ ಡಿಸ್ಕ್‌ನಲ್ಲಿ. ಲೈಬ್ರರಿಯನ್ ಮೇಡಂ ಫೋನ್‌ನಲ್ಲಿ ಅತ್ತುಬಿಟ್ಟರು. 19,000 ರೆಕಾರ್ಡ್ ಅದು, ಅವರ ಮೂರು ವರ್ಷದ ಕೆಲಸ. ಕರಾರಿನಲ್ಲಿ ಬ್ಯಾಕಪ್ ನಮ್ಮ ಜವಾಬ್ದಾರಿ ಅಂತ ಇರಲಿಲ್ಲ. ಆದರೂ ಬ್ಯಾಕಪ್ ಆ ಜಾಗಕ್ಕೆ ಇಟ್ಟವನು ನಾನೇ, ಹಾಗಾಗಿ ನಮ್ಮ ಖರ್ಚಿನಲ್ಲೇ ಮತ್ತೆ ಎಂಟ್ರಿ ಮಾಡಿಸಿದೆ. ಸುಮಾರು 1.1 ಲಕ್ಷ ಹೋಯಿತು.

ಅದಾದ ಮೇಲೆ ಎಎಂಸಿ ಜೊತೆಗೆ ಹೋಸ್ಟಿಂಗ್ (ಕಾಲೇಜಿನ ಕೋಹಾವನ್ನು ನಮ್ಮ ಸರ್ವರ್ ಮೇಲೆ ಓಡಿಸಿಕೊಡುವುದು) ಶುರು ಮಾಡಿದೆವು. ಒಂದೇ ಡೆಬಿಯನ್ ಲಿನಕ್ಸ್ ಸರ್ವರ್ ಮೇಲೆ ಎಷ್ಟು ಕೋಹಾ ಬೇಕಾದರೂ ಬೇರೆ ಬೇರೆ ಓಡಿಸಬಹುದು. ಈಗ 17 ಕಾಲೇಜು ಒಂದೇ ಸರ್ವರ್ ಮೇಲೆ ಇವೆ. ನಮಗೆ ತಿಂಗಳಿಗೆ ಆರೂವರೆ ಏಳು ಸಾವಿರ ಬೀಳುತ್ತದೆ. ಒಂದೊಂದು ಕಾಲೇಜಿಂದ ವರ್ಷಕ್ಕೆ 12,000 ತಗೋತೇವೆ. ರಾತ್ರಿ ಎರಡು ಕಡೆ ಬ್ಯಾಕಪ್ ಹೋಗುತ್ತದೆ, ತಿಂಗಳಿಗೊಮ್ಮೆ ನಿಜವಾಗಿ ರಿಸ್ಟೋರ್ ಮಾಡಿ ನೋಡುತ್ತೇವೆ. ಹೋಸ್ಟಿಂಗ್ ಬಿಟ್ಟು ಬರೀ ಎಎಂಸಿ 24,000. ಕಳೆದ ವರ್ಷ ಎಎಂಸಿಯಿಂದ ಒಂಬತ್ತೂ ಮುಕ್ಕಾಲು ಲಕ್ಷ, ಹೋಸ್ಟಿಂಗ್‌ನಿಂದ ಎರಡು, ಡೇಟಾ ಕೆಲಸದಿಂದ ಹದಿನಾಲ್ಕು ಲಕ್ಷದ ಆಸುಪಾಸು ಬಂತು.

ದುಡ್ಡು ಬರೋದು ತಡ ಆಗುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಒಂದು ಕಡೆ ಬಿಲ್ಲು ಹನ್ನೊಂದು ತಿಂಗಳು ಬಾಕಿ ಇತ್ತು. ಶೇಕಡಾ 18 ಜಿಎಸ್‌ಟಿ ಮಾತ್ರ ನಾನು ಬಿಲ್ಲು ಕೊಟ್ಟ ಮುಂದಿನ ತಿಂಗಳೇ ಕಟ್ಟಿಯಾಗಿತ್ತು. ಆಗಿನಿಂದ ಎಎಂಸಿಗೆ ಮೊದಲು ಪ್ರೊಫಾರ್ಮಾ (ತೆರಿಗೆ ಲೆಕ್ಕಕ್ಕೆ ಬರದ ಮುಂಗಡ ಬಿಲ್ಲು), ದುಡ್ಡು ಬಂದ ದಿನ ಟ್ಯಾಕ್ಸ್ ಇನ್‌ವಾಯ್ಸ್. ರಿನ್ಯೂವಲ್ ಪತ್ರ ಯಾವ ತಿಂಗಳು, ಯಾರ ಹೆಸರಿಗೆ ಕಳಿಸಬೇಕು ಅನ್ನೋದು ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಅದೊಂದು ನನ್ನ ಹತ್ತಿರವೇ ಇರಲಿ.

ಕೋಡ್ ವಾಪಸ್ ಕೊಡುವ ವಿಷಯ. ಶುರುವಿನಲ್ಲಿ ನಮ್ಮ ತಿದ್ದುಪಡಿಗಳನ್ನು ನಮ್ಮ ಹತ್ತಿರವೇ ಇಟ್ಟುಕೊಂಡಿದ್ದೆ, ಅದೇ ನಮ್ಮ ಬಂಡವಾಳ ಅಂದುಕೊಂಡು. ಕೋಹಾದ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ ಬರುತ್ತದೆ, ಮೇ ಮತ್ತು ನವೆಂಬರ್. ಪ್ರತಿ ಸಲವೂ ನಮ್ಮ ತೇಪೆಗಳು ಕಿತ್ತುಹೋಗುತ್ತಿದ್ದವು, ಸರಿ ಮಾಡಲು ಎರಡು ವಾರ. ರಸೀದಿಗೆ ಸಂಬಂಧಪಟ್ಟ ಒಂದು ಸಣ್ಣ ತಿದ್ದುಪಡಿಯನ್ನು ಕೊನೆಗೆ ಬಗ್‌ಜಿಲ್ಲಾಗೆ (ಕೋಹಾದ ದೋಷ, ತಿದ್ದುಪಡಿಗಳನ್ನು ದಾಖಲಿಸುವ ಸೈಟ್) ಹಾಕಿದೆ. ಯಾರೋ ಹೊರದೇಶದವರು ಪರೀಕ್ಷಿಸಿ, ಸರಿ ಇದೆ ಅಂತ ಸೈನ್ ಆಫ್ ಮಾಡಿದರು. ಕ್ಯೂಎ (ಗುಣಮಟ್ಟ ಪರೀಕ್ಷೆ) ದಾಟಿ ಮುಖ್ಯ ಕೋಡ್‌ಗೆ ಸೇರಲು ಏಳೆಂಟು ತಿಂಗಳು ಆಯಿತು. ಆದರೆ ಅಲ್ಲಿಂದ ಇಲ್ಲಿಯವರೆಗೆ ಅದರ ಮೇಲೆ ಒಂದು ಗಂಟೆಯೂ ಖರ್ಚಾಗಿಲ್ಲ, ಜಗತ್ತೇ ಅದನ್ನು ನೋಡಿಕೊಳ್ಳುತ್ತಿದೆ. ಕೋಹಾ ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲಿ, ಮೊದಲ ಲೈಬ್ರರಿಯಲ್ಲಿ ಚಾಲೂ ಆದದ್ದು 2000ದ ಜನವರಿ. ಮಾವೋರಿ ಭಾಷೆಯಲ್ಲಿ ಆ ಹೆಸರಿಗೆ ಉಡುಗೊರೆ ಅಂತ ಅರ್ಥ, ಅದೂ ತಿರುಗಿ ಕೊಡಬೇಕಾದ ಉಡುಗೊರೆ. ನಮ್ಮ ಮದುವೆ ಮನೆಯ ಮುಯ್ಯಿ ಇದ್ದ ಹಾಗೆ ಅಲ್ವಾ? ಈಗ ನಮ್ಮ ಹುಡುಗರು ತಿಂಗಳಲ್ಲಿ ಎರಡು ಶನಿವಾರ ಬೇರೆಯವರ ಪ್ಯಾಚ್ (ಕೋಡ್ ತಿದ್ದುಪಡಿ) ಪರೀಕ್ಷಿಸುತ್ತಾರೆ, ಸಂಬಳದ ಸಮಯದಲ್ಲೇ.

ಸದ್ಯಕ್ಕೆ ಇನ್ನೊಂದು ಪ್ರಯೋಗ ನಡೆದಿದೆ. ಹಳೇ ಪ್ರಶ್ನೆಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಡಿಸ್ಪೇಸ್‌ನಲ್ಲಿ (ಡಿಜಿಟಲ್ ದಾಖಲೆ ಇಡುವ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್) ಇಡುವ ಕೆಲಸ. ಎರಡು ಕಾಲೇಜು ಒಪ್ಪಿವೆ, ಪುಟಕ್ಕೆ 2 ರೂಪಾಯಿ ಹೇಳಿದ್ದೇನೆ. ಸ್ಕ್ಯಾನರ್‌ಗೆ 46,000 ಹಾಕಿದ್ದೇನೆ, ಈವರೆಗೆ ವಾಪಸ್ ಬಂದದ್ದು ಒಂಬತ್ತು ಸಾವಿರ. ಹಳೇ ಪತ್ರಿಕೆಗಳ ಪಿನ್ ಕಿತ್ತು ಹಾಳೆ ಬಿಡಿಸುವುದಕ್ಕೇ ಅರ್ಧ ದಿನ ಹೋಗುತ್ತದೆ, ಆ ಸಮಯವನ್ನು ನಾನು ದರದಲ್ಲಿ ಹಿಡಿದಿರಲಿಲ್ಲ. ಮೂರನೇ ಕಾಲೇಜಿಗೆ 3 ರೂಪಾಯಿ ಹೇಳುತ್ತೇನೆ.