ಲಾಯದಲ್ಲಿ ನಾಯಿಗೆ ಮನೆ, ಕಾಡುಮರಿಗೆ ಒಂದು ರಾತ್ರಿಯ ಪೆಟ್ಟಿಗೆ

ಕೊಡಗಿನಲ್ಲಿ ಕಾಫಿ ತೋಟದ ಮಗ್ಗುಲಲ್ಲೇ ಕುದುರೆ ಲಾಯ ಇಟ್ಟುಕೊಂಡವರ ಗೇಟಿಗೆ ಎರಡು ಬಗೆಯ ನೆಂಟರು ಬರುತ್ತಾರೆ. ಯಾರೋ ರಸ್ತೆಯಲ್ಲಿ ಇಳಿಸಿ ಹೋದ ನಾಯಿ ಒಂದು, ಮರ ಕಪಾತು ಮಾಡುವಾಗ ಗೂಡಿನಿಂದ ಬಿದ್ದ ಕಾಡುಮರಿ ಇನ್ನೊಂದು. ನಾಯಿಗೆ ಲಾಯ ಒಳ್ಳೆಯ ಮನೆಯೇ. ಕಾಡುಮರಿಗೆ ಮಾತ್ರ ಅದು ಅರಣ್ಯ ಇಲಾಖೆಯವರು ಬರುವ ತನಕದ ತಂಗುದಾಣ, ಅಷ್ಟೇ.

ಮೊದಲ 14 ದಿನ

ಹೊಸ ನಾಯಿಯನ್ನು ನೇರವಾಗಿ ಒಳಗೆ ಬಿಡಬೇಡಿ. ಕುದುರೆ, ಹಳೆಯ ನಾಯಿ, ಮೇವಿನ ಕೋಣೆ ಮೂರರಿಂದಲೂ ದೂರದಲ್ಲಿ 6x8 ಅಡಿಯ ಸಿಮೆಂಟ್ ನೆಲದ ಕೊಠಡಿ ಸಾಕು. ನಾಯಿಗಳ ಪ್ರಾಣಕ್ಕೇ ಎರವಾಗುವ ವೈರಾಣು ರೋಗಗಳಾದ ಪಾರ್ವೊ, ಡಿಸ್ಟೆಂಪರ್ ಅಂಟಿದ್ದರೆ ಬಹುತೇಕ ಎರಡು ವಾರದೊಳಗೆ ಹೊರಬೀಳುತ್ತವೆ. ತಟ್ಟೆ, ಪೊರಕೆ ಬೇರೆ ಇರಲಿ. ದಿನದ ಕೆಲಸದಲ್ಲಿ ಆ ಕೊಠಡಿಯ ಸರದಿ ಕಡೆಯದು.

ಬಂದ ದಿನವೇ ಕುತ್ತಿಗೆಯ ರೋಮ ಬಿಡಿಸಿ ನೋಡಿ. ಹಂದಿಗೆ ಇಟ್ಟ ಉರುಳಿನ ತಂತಿ ಚರ್ಮದೊಳಗೆ ಹೂತುಹೋಗಿ ಮೇಲೆ ಕೂದಲು ಮುಚ್ಚಿಕೊಂಡಿರುತ್ತದೆ. ಕೆಲವೊಮ್ಮೆ ಕೊಳೆತ ವಾಸನೆಯೊಂದೇ ಸುಳಿವು. ಎಳೆಯಲು ಹೋಗಬೇಡಿ, ಅರಿವಳಿಕೆ ಕೊಟ್ಟು ತೆಗೆಯುವುದು ಪಶುವೈದ್ಯರ ಕೆಲಸ.

ಮರಿಯಾದರೆ 6-8ನೇ ವಾರಕ್ಕೆ ಸಂಯುಕ್ತ ಲಸಿಕೆ (ಹಲವು ರೋಗಕ್ಕೆ ಒಂದೇ ಚುಚ್ಚುಮದ್ದು) ಶುರು. 16 ವಾರ ತುಂಬುವವರೆಗೆ 3-4 ವಾರಕ್ಕೊಮ್ಮೆ. ರೇಬೀಸ್ ಲಸಿಕೆ 3 ತಿಂಗಳಿಗೆ. ಇಲಿಜ್ವರದ ರಕ್ಷಣೆಯೂ ಸೇರಿದ ಲಸಿಕೆಯನ್ನೇ ಕೇಳಿ ಪಡೆಯಿರಿ: ಹುರುಳಿ, ಬೂಸಾ ಇದ್ದಲ್ಲಿ ಇಲಿ ತಪ್ಪಿದ್ದಲ್ಲ, ಅದರ ಮೂತ್ರ ಬೆರೆತ ಮಳೆನೀರು ನಾಯಿಗೂ ಕುದುರೆಗೂ ಆಳಿಗೂ ಕಾಯಿಲೆ ತರುತ್ತದೆ.

ಪಾರ್ವೊ ವೈರಾಣು ಫಿನಾಯಿಲಿಗೆ ಬಗ್ಗುವುದಿಲ್ಲ. ಮೊದಲು ಮಲಮೂತ್ರ ತೆಗೆದು ಸೋಪುನೀರಲ್ಲಿ ಉಜ್ಜಿ ತೊಳೆಯಿರಿ. ಆಮೇಲೆ 1 ಲೀಟರ್ ನೀರಿಗೆ 5-6 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಕಲಸಿ, ನೆಲ 10 ನಿಮಿಷ ತೇವವಾಗಿರುವಂತೆ ಹಾಕಿ. ಕೊಳಕಿನ ಮೇಲೆ ಸುರಿದರೆ ಅದರ ಶಕ್ತಿ ಕೊಳಕಿಗೇ ಮುಗಿಯುತ್ತದೆ. ಕುದುರೆ ಮೂತ್ರ ನಿಂತಲ್ಲಿಗಂತೂ ಬೇಡವೇ ಬೇಡ. ಅಮೋನಿಯಾ ಜೊತೆ ಸೇರಿ ಉಸಿರುಗಟ್ಟಿಸುವ ವಿಷಗಾಳಿ ಏಳುತ್ತದೆ.

ಮಲಗುವ ಜಾಗ, ಕುದುರೆಯ ಪರಿಚಯ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಾಸಿಗೆ ಒಣಗುವುದಿಲ್ಲ. ನೆಲದಿಂದ 9 ಅಂಗುಲ ಮೇಲೆ ಹಲಗೆ ಮಂಚ ಮಾಡಿ, ಪ್ರತಿ ನಾಯಿಗೆ ಎರಡು ಜೊತೆ ಗೋಣಿ ಇಡಿ. ಒಂದು ಮೈಯಡಿ, ಒಂದು ಒಲೆಯ ಮೇಲಿನ ಅಟ್ಟದಲ್ಲಿ. ಕಾಫಿ ಹೊಟ್ಟು ಹಾಸಬೇಡಿ, ಅದರಲ್ಲಿರುವ ಕೆಫೀನ್ ನಾಯಿಗೆ ವಿಷ.

ಪರಿಚಯಕ್ಕೆ ಲಾಯದ ಶಾಂತ ಮುದಿ ಕುದುರೆಯನ್ನು ಆರಿಸಿ. ಕುದುರೆ ಬಾಗಿಲ ಹಿಂದೆ, ನಾಯಿ ಹಗ್ಗದಲ್ಲಿ. ದಿನಕ್ಕೆ ಹತ್ತು ನಿಮಿಷದಂತೆ ಒಂದು ವಾರ. ಹಿಮ್ಮಡಿಗೆ ಬಾಯಿ ಹಾಕುವ ನಾಯಿಯನ್ನು ಕಣಕ್ಕೆ ಬಿಡಲೇಬೇಡಿ, ಒಂದು ಒದೆತಕ್ಕೆ ದವಡೆ ಹೋಗುತ್ತದೆ.

ಇದಕ್ಕಿಂತ ಕಣ್ಣಿಗೆ ಬೀಳದ ಅಪಾಯ ಕುದುರೆಯ ಜಂತುಹುಳದ ಮದ್ದು. ಐವರ್‌ಮೆಕ್ಟಿನ್ ಪೇಸ್ಟಿನ ಒಂದು ಸಿರಿಂಜ್‌ನಲ್ಲಿ ಸುಮಾರು 550-600 ಕಿಲೋ ಕುದುರೆಗಾಗುವಷ್ಟು ಮದ್ದಿರುತ್ತದೆ. ಕುದುರೆ ಉಗುಳಿದ ಬಿಳಿ ತುಣುಕನ್ನು 15 ಕಿಲೋ ನಾಯಿ ನೆಕ್ಕಿದರೆ ಸಾಕು, ಪಾಪೆ ಹಿಗ್ಗಿ, ಜೊಲ್ಲು ಸುರಿದು, ಕಾಲು ತಡವರಿಸಬಹುದು. ಕೋಲಿ (ಕುರಿ ಕಾಯುವ ವಿದೇಶಿ ತಳಿ) ನಾಯಿಯ ಬೆರಕೆಗಳಿಗೆ ಇನ್ನೂ ಅಪಾಯ. ಕುದುರೆಗೆ ಮದ್ದು ಕೊಡುವ ದಿನ ನಾಯಿಗಳನ್ನು ಕಟ್ಟಿ, ಮೂರ್ನಾಲ್ಕು ದಿನದ ಲದ್ದಿಯನ್ನು ಆಗಾಗ ಎತ್ತಿ ಮುಚ್ಚಿದ ಗುಂಡಿಗೆ ಹಾಕಿ.

ಕಾಡುಮರಿ ಸಿಕ್ಕರೆ

ಮೊದಲು ನಾಯಿಗಳನ್ನು ಒಳಗೆ ಕೂಡಿ. ಹುಲ್ಲಿನಲ್ಲಿ ಮುದುರಿ ಮಲಗಿದ ಜಿಂಕೆಮರಿ ಅನಾಥವಲ್ಲ, ತಾಯಿಯೇ ಅಡಗಿಸಿ ಮೇಯಲು ಹೋಗಿರುತ್ತದೆ. ಮುಟ್ಟದೆ ಹಿಂದೆ ಸರಿಯಿರಿ. ಕೆಂಜಳಿಲಿನ ಮರಿ ಬಿದ್ದರೆ ಬುಟ್ಟಿಯಲ್ಲಿಟ್ಟು ಅದೇ ಮರಕ್ಕೆ, ಮರ ಕಡಿದಿದ್ದರೆ ಪಕ್ಕದ ಮರಕ್ಕೆ ಕಟ್ಟಿ ಸಂಜೆವರೆಗೆ ದೂರದಿಂದ ಕಾಯಿರಿ. ಪುನುಗು ಬೆಕ್ಕಿನ ತಾಯಿ ಬರುವುದು ರಾತ್ರಿ. ಮನುಷ್ಯರ ವಾಸನೆ ತಗುಲಿದರೆ ತಾಯಿ ಬಿಟ್ಟುಬಿಡುತ್ತದೆಂಬ ತಪ್ಪು ಮಾತನ್ನು ನಂಬಿ ಮರಿ ಎತ್ತಿಕೊಂಡು ಹೋಗುವವರೇ ಹೆಚ್ಚು. ಆನೆಮರಿಯಾದರೆ ಹತ್ತಿರ ಸುಳಿಯದೆ ಇಲಾಖೆಗೆ ತಿಳಿಸಿ.

ತಾಯಿ ಸತ್ತಿದ್ದರೆ, ಅಥವಾ ಮರಿಗೆ ಗಾಯವಾಗಿದ್ದರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಂ ಪ್ರಕಾರ, ಕೈಗೆ ಬಂದ ಪ್ರಾಣಿಯ ವಿಷಯವನ್ನು 48 ಗಂಟೆಯೊಳಗೆ ತಿಳಿಸಬೇಕು. ಸಾಕಿಕೊಳ್ಳುವುದು ಅಪರಾಧ.

ಅವರು ಬರುವವರೆಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆ, ನೂಲೆದ್ದಿರದ ಹತ್ತಿ ಬಟ್ಟೆ (ಎದ್ದ ನೂಲಿಗೆ ಉಗುರು ಸಿಕ್ಕಿಕೊಳ್ಳುತ್ತದೆ), ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಒಂದು ಬದಿಗೆ ಮಾತ್ರ. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಸರಿಯಲಿ. ಪೆಟ್ಟಿಗೆ ಕತ್ತಲಿನ ಜೀನು ಕೋಣೆಯಲ್ಲಿರಲಿ. ಮೈ ತಣ್ಣಗಿದ್ದಾಗ ಏನನ್ನೂ ಕುಡಿಸಬೇಡಿ, ಜೀರ್ಣವಾಗುವುದಿಲ್ಲ. ಹಸುವಿನ ಹಾಲು ಭೇದಿ ತರಿಸುತ್ತದೆ; ಅಂಗಾತ ಹಿಡಿದು ಬಾಯಿಗೆ ಹನಿಸಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ವೈದ್ಯರು ಫೋನಿನಲ್ಲಿ ಹೇಳಿದ್ದಷ್ಟೇ ಕೊಡಿ. ಮರಿ ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅಂದೇ ರೇಬೀಸ್ ಚುಚ್ಚುಮದ್ದಿಗೆ ಹೋಗಿ.

ನಾಯಿ ಮುಟ್ಟಿದ ಕೈಯಲ್ಲಿ ಆ ಪೆಟ್ಟಿಗೆ ಮುಟ್ಟಬೇಡಿ. 2018ರಲ್ಲಿ ಗಿರ್ ಸಿಂಹಗಳನ್ನು ಬಲಿ ತೆಗೆದುಕೊಂಡ ಡಿಸ್ಟೆಂಪರ್ ಪುನುಗು ಬೆಕ್ಕನ್ನೂ ಬಿಡುವುದಿಲ್ಲ. ಒಪ್ಪಿಸುವಾಗ ಮುಚ್ಚಳಕ್ಕೆ ಚೀಟಿ ಅಂಟಿಸಿ: ಯಾವ ತೋಟ, ಯಾವ ಮರದಡಿ, ಎಷ್ಟು ಗಂಟೆಗೆ ಸಿಕ್ಕಿತು, ಬಾಯಿಗೆ ಏನು ಹಾಕಿದ್ದೀರಿ.