ಬೀಪ್ ಬೇಡ, ಅಂಕೆ ನೋಡಿ
ಬದಿಯಡ್ಕದಲ್ಲಿ ನನ್ನದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಮಳೆ ಶುರುವಾದಲ್ಲಿಂದ ತುಲಾ ತಿಂಗಳ ಗುಡುಗು ಮುಗಿಯುವ ತನಕ ಕೆಲಸ ಜಾಸ್ತಿ. ಯಾವ ಬೋರ್ಡ್ ಬಂದರೂ ಕರೆಂಟ್ ಕೊಡುವ ಮೊದಲು ಮಲ್ಟಿಮೀಟರಿನಲ್ಲಿ ಓಮ್, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ ನೋಡುತ್ತೇನೆ.

ಅಡಾಪ್ಟರ್, ಬ್ಯಾಟರಿ ಎರಡೂ ತೆಗೆದು ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಉಳಿದ ಚಾರ್ಜ್ ಹೋಗುತ್ತದೆ. ಪ್ರೋಬ್‌ಗಳನ್ನು (ಮೀಟರಿನ ಮೊನೆ ಇರುವ ವೈರುಗಳನ್ನು) ಒಂದಕ್ಕೊಂದು ತಾಗಿಸಿದರೆ ನನ್ನ ಮೀಟರ್ 0.2 ಓಮ್ ತೋರಿಸುತ್ತದೆ. ಅದು ವೈರಿನದ್ದು, ಕಳೆಯಬೇಕು.

ಕಪ್ಪು ಪ್ರೋಬ್ ಸ್ಕ್ರೂ ತೂತಿನ ಗ್ರೌಂಡಿಗೆ, ಕೆಂಪು ಕಾಯಿಲ್‌ಗೆ, ಅಂದರೆ ಆಯಾ ಭಾಗಕ್ಕೆ ವೋಲ್ಟೇಜ್ ಹೋಗುವ ದಾರಿಯ ಸುರುಳಿಗೆ. ಮೀಟರ್ ಬೀಪ್ ಮೋಡಿನಲ್ಲಿದ್ದರೆ ಸಿಪಿಯು (ಪ್ರೊಸೆಸರ್) ಕಾಯಿಲ್ ಮುಟ್ಟಿದಾಗ ಬೀಪ್ ಬರುತ್ತದೆ. ಹೊಸ ಹುಡುಗರು ಅಲ್ಲೇ ಶಾರ್ಟ್ (ಲೈನ್ ನೇರ ಗ್ರೌಂಡಿಗೆ ತಾಗಿದೆ) ಅಂತ ತೀರ್ಮಾನ ಮಾಡಿಬಿಡುತ್ತಾರೆ. ಹಾಗಲ್ಲ. ಪ್ರೊಸೆಸರ್ ಒಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರ್ ಇರುವುದರಿಂದ ಅಲ್ಲಿ ಕೆಲವೇ ಓಮ್ ಸಹಜ, ಕೆಲವು ಬೋರ್ಡುಗಳಲ್ಲಿ 1 ಓಮ್‌ಗಿಂತಲೂ ಕಡಿಮೆ. ಅದೇ ಅಂಕೆ ಅಡಾಪ್ಟರಿನಿಂದ ಬರುವ 19 ವೋಲ್ಟಿನ ಮುಖ್ಯ ಲೈನಿನಲ್ಲಿ ಬಂದರೆ ಮಾತ್ರ ಖಂಡಿತ ಶಾರ್ಟ್. ಹಾಗಾಗಿ ಬೀಪ್ ಮೋಡ್ ಬಿಟ್ಟು 200 ಓಮ್ ರೇಂಜಿನಲ್ಲಿ ಅಳೆಯಿರಿ.

ಮೊನ್ನೆ ಪೆರ್ಲದ ಕಡೆಯ ಕೃಷಿಕರೊಬ್ಬರು ಮಗಳ ಲ್ಯಾಪ್‌ಟಾಪ್ ತಂದರು. "ಪಿನ್ ಹಾಕಿದ ಕೂಡ್ಲೇ ಅಡಾಪ್ಟರಿನ ಲೈಟೇ ಹೋಗ್ತದೆ ಮಾರಾಯ್ರೆ" ಅಂದರು. ಮುಖ್ಯ ಲೈನಿನಲ್ಲಿ 0.6, ಸಿಪಿಯು ಕಾಯಿಲ್‌ನಲ್ಲಿ 4 ಓಮ್. ಇವೆರಡರ ನಡುವಿನ ಮಾಸ್ಫೆಟ್ (ಕರೆಂಟ್ ಬಿಡುವ, ತಡೆಯುವ ಸ್ವಿಚ್) ಶಾರ್ಟ್ ಆಗಿದ್ದರೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಅಂಕೆ ಬರಬೇಕಿತ್ತಲ್ವಾ? 3.3, 5 ವೋಲ್ಟ್ ಕಾಯಿಲ್‌ಗಳೂ ಸರಿ ಇದ್ದವು. ಅನುಮಾನ ಮುಖ್ಯ ಲೈನಿನ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಮೇಲೆ ಬಂತು. ಶಾರ್ಟ್ ಆದದ್ದು ಬಿಸಿಯಾಗಿ ಗೊತ್ತಾಗಲಿ ಅಂತ ಹೊರಗಿನಿಂದ ವೋಲ್ಟೇಜ್ ಕೊಡುವುದುಂಟು, ಆದರೆ ಈ ತಾಳೆ ನೋಡದೆ ಕೊಡಲೇಬಾರದು. ಮಾಸ್ಫೆಟ್ ಹೋಗಿದ್ದರೆ ಅದು ಸೀದಾ ಪ್ರೊಸೆಸರಿಗೆ ನುಗ್ಗುತ್ತದೆ.

ಪವರ್ ಸಪ್ಲೈ 1 ವೋಲ್ಟಿಗೆ ಇಟ್ಟು, ಕರೆಂಟಿಗೆ ಮಿತಿ ಹಾಕಿ, ಬೋರ್ಡಿನ ಮೇಲೆ ಐಪಿಎ (ಬೇಗ ಆರುವ ಆಲ್ಕೋಹಾಲ್) ಸವರಿದೆ. ಚಾರ್ಜಿಂಗ್ ಐಸಿ ಪಕ್ಕದ ಅಕ್ಕಿಕಾಳಿನಷ್ಟು ಕೆಪಾಸಿಟರ್ ಒಂದರ ಮೇಲೆ ಮಾತ್ರ ಒದ್ದೆ ಪಟ್ಟನೆ ಆರಿತು. ಹಾಟ್ ಏರ್‌ನಿಂದ ಅದನ್ನು ಎಬ್ಬಿಸಿ ಮತ್ತೆ ಅಳೆದೆ. ಅಂಕೆ ನಿಧಾನಕ್ಕೆ ಏರುತ್ತಾ ಹೋಯಿತು. ಉಳಿದ ಕೆಪಾಸಿಟರ್‌ಗಳು ಮೀಟರಿನ ಬ್ಯಾಟರಿಯಿಂದ ಚಾರ್ಜ್ ಆಗುವಾಗ ಹಾಗೇ ಏರಬೇಕು. ಅದೇ ಬೆಲೆಯ ಇನ್ನೊಂದು ಹಾಕಿದೆ, ಆನ್ ಆಯಿತು.

ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ವಿಷಯ ಬೇರೆ. 103 ಅಂತ ಬರೆದಿದ್ದರೆ 10 ಕಿಲೋ ಓಮ್. ಬೋರ್ಡಿನಲ್ಲೇ ಅಳೆದಾಗ ಕಡಿಮೆ ತೋರಿಸಿದರೆ ಸುಮ್ನೆ ತೆಗೆಯಬೇಡಿ, ಪಕ್ಕದ ದಾರಿಗಳೂ ಸೇರಿರುತ್ತವೆ. ತುಂಬಾ ಜಾಸ್ತಿ ತೋರಿಸಿದರೆ ಹೋಗಿದೆ ಅಂತಲೇ ಲೆಕ್ಕ. ಕುಂಬಳೆ, ಮಂಜೇಶ್ವರದ ಕಡಲ ಬದಿಯಿಂದ ಬರುವ ಬೋರ್ಡುಗಳಲ್ಲಿ ಹಸಿರು ಕಿಲುಬು ಹಿಡಿದ ಕಡೆ ನಾನು ಮೊದಲು ಇದನ್ನೇ ನೋಡುವುದು.