ಪೈಪ್ ಬಗ್ಗಿಸಿದಾಗ ಚಪ್ಪಟೆ ಆಗದಿರಲು

ಮೈಸೂರು, ಮಂಡ್ಯ ಕಡೆ ಮನೆ ಕಟ್ಟಿಸುತ್ತಿರುವವರು, ಹೊಸದಾಗಿ ವೈರಿಂಗ್ ಕಲಿಯುತ್ತಿರುವವರು ಸ್ವಲ್ಪ ಗಮನಿಸಿ. ಪಿವಿಸಿ ಪೈಪನ್ನು ಸುಮ್ನೆ ಬಗ್ಗಿಸಿದರೆ ತಿರುವಿನಲ್ಲಿ ಮಡಿಚಿಕೊಳ್ಳುತ್ತದೆ. ಆಮೇಲೆ ವೈರ್ ಎಳೆಯುವಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಒಳಗೆ ಬೆಂಡಿಂಗ್ ಸ್ಪ್ರಿಂಗ್ (ಬಗ್ಗಿಸುವಾಗ ಪೈಪಿನೊಳಗೆ ತೂರಿಸುವ ಉದ್ದನೆಯ ಲೋಹದ ಸುರುಳಿ) ಹಾಕಲೇಬೇಕು. 20 ಎಂಎಂ ಪೈಪಿಗೆ 20ರದ್ದು, 25ಕ್ಕೆ 25ರದ್ದು. ಅಷ್ಟೇ ಅಲ್ಲ, ಪೈಪೇ ದಪ್ಪನೆಯದಾದರೆ ಅದರ ಒಳಗಿನ ಜಾಗ ಕಮ್ಮಿ, ಅದಕ್ಕೆ ಸ್ಪ್ರಿಂಗೂ ಬೇರೆ. ಅಂಗಡಿಗೆ ಪೈಪಿನ ತುಂಡು ತಗೊಂಡು ಹೋಗಿ ಹಾಕಿ ನೋಡಿ. ಸ್ಪ್ರಿಂಗಿನ ತುದಿಗೆ ದಾರ ಕಟ್ಟಿರಿ, ಉದ್ದ ಪೈಪಿನ ನಡುವೆ ಬಗ್ಗಿಸುವಾಗ ಸ್ಪ್ರಿಂಗನ್ನು ಹೊರಗೆ ಎಳೆಯಲು ಬೇಕಾಗುತ್ತದೆ.

ಮಂಡಿಗೆ ಒತ್ತಿ, ಎರಡೂ ಕೈಯಲ್ಲಿ ನಿಧಾನವಾಗಿ ಎಳೆಯಿರಿ. 90 ಡಿಗ್ರಿ ಬೇಕಾದರೆ ಸ್ವಲ್ಪ ಜಾಸ್ತಿನೇ ಬಗ್ಗಿಸಿ, ಬಿಟ್ಟಾಗ ಅದು ಹಿಂದಕ್ಕೆ ಬರುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಪೈಪ್ ಬಿರುಸಾಗಿರುತ್ತದೆ. ಬಟ್ಟೆಯಿಂದ ಚೆನ್ನಾಗಿ ಉಜ್ಜಿ, ಇಲ್ಲ ಬಿಸಿಲಲ್ಲಿಡಿ. ಕೆಲವರು ಬೆಂಕಿ ಹಿಡಿಯುತ್ತಾರೆ, ನನಗಂತೂ ಅದು ಇಷ್ಟವಿಲ್ಲ. ಪೈಪ್ ಸುಟ್ಟು ಹಾಳಾಗುತ್ತದೆ, ಹೊಗೆಯೂ ಕೆಟ್ಟದ್ದು.

ಸ್ಪ್ರಿಂಗ್ ಹೊರಗೆ ಬರದಿದ್ದರೆ ಜಗ್ಗಾಡಬೇಡಿ. ಸುರುಳಿ ಬಿಗಿಯಾಗುವ ಕಡೆಗೆ ತಿರುಗಿಸಿ. ಸಣ್ಣಗಾಗಿ ತಾನೇ ಜಾರುತ್ತದೆ.